ಚೀಟಿ ಬಿಟ್ಟು ಕಂಪ್ಯೂಟರಿಗೆ ಬರುವ ಸಣ್ಣ ಕ್ಲಿನಿಕ್ಕುಗಳಿಗೆ

ನಮ್ಮದು ತಾಲ್ಲೂಕು ಊರಿನ ಸಣ್ಣ ಕ್ಲಿನಿಕ್. ನಾನು, ಒಬ್ಬರು ಸಿಸ್ಟರ್, ಕೌಂಟರಿನಲ್ಲಿ ಒಬ್ಬ ಹುಡುಗ, ಅಷ್ಟೇ ಜನ. ಚೀಟಿ ಬಿಟ್ಟು ಕಂಪ್ಯೂಟರಿನಲ್ಲಿ ದಾಖಲೆ ಇಡಲು ಶುರು ಮಾಡಿ ಮೂರು ವರ್ಷವಾಯಿತು. ನೀವೂ ಶುರು ಮಾಡಬೇಕು ಅಂತಿದ್ದರೆ, ಯಾವ ಸಾಫ್ಟ್‌ವೇರ್ ಅಂತ ಕೇಳುವ ಮೊದಲು ಏನು ಬರೆಯಬೇಕು ಅನ್ನೋದನ್ನು ತೀರ್ಮಾನ ಮಾಡಿಕೊಳ್ಳಿ.

ಒಬ್ಬ ಅಜ್ಜಿ ಬಂದಿದ್ದರು. ಎರಡೂ ಪಾದ ಊದಿತ್ತು, ಎದ್ದು ನಿಂತರೆ ತಲೆ ಸುತ್ತು. ಯಾವ ಮಾತ್ರೆ ತಗೊಳ್ತಿದ್ದೀರಿ ಅಂದೆ. ಎಲೆಅಡಿಕೆ ಸಂಚಿ ಬಿಚ್ಚಿ ಎರಡು ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟರು. ಒಂದು ನಾನೇ ಬರೆದದ್ದು, ಇನ್ನೊಂದು ಮಗಳ ಊರಿನಲ್ಲಿ ಕೊಟ್ಟದ್ದು. ಹೆಸರು ಬೇರೆ, ಬಣ್ಣ ಬೇರೆ, ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿದರೆ ಎರಡೂ ಒಂದೇ ಬಿಪಿ ಔಷಧ, ಆಮ್ಲೋಡಿಪಿನ್ 5 ಮಿಲಿಗ್ರಾಂ. "ಎರಡೂ ಬಿಪಿಗೆ ಅಂದ್ರಲ್ಲ ಡಾಕ್ಟ್ರೇ, ಅದಕ್ಕೇ ಎರಡೂ ನುಂಗ್ತಿದ್ದೆ" ಅಂದರು. ತಪ್ಪು ಅವರದ್ದಲ್ಲ. ನನ್ನ ಚೀಟಿಯಲ್ಲಿ ಇದ್ದದ್ದು ಕಂಪನಿ ಇಟ್ಟ ಹೆಸರು ಮಾತ್ರ, ಮಗಳ ಊರಿನವರು ಅದರಿಂದ ಏನು ತಿಳಿದುಕೊಳ್ಳಬೇಕು?

ಹಾಗಾಗಿ ಮೊದಲ ಕೆಲಸ ಇದು. ಪ್ರತಿ ರೋಗಿಗೂ ಪುಟದ ಮೇಲ್ಗಡೆ ಮೂರು ಸಾಲು ಸರಿಯಾಗಿರಲಿ: ಯಾವ ಕಾಯಿಲೆ ಇದೆ, ಈಗ ಯಾವ ಔಷಧ ನಡೆಯುತ್ತಿದೆ, ಯಾವ ಔಷಧ ಆಗಿಬರುವುದಿಲ್ಲ. ಔಷಧವನ್ನು ಜನರಿಕ್ ಹೆಸರಿನಲ್ಲೇ, ಅಂದರೆ ಕಂಪನಿ ಇಟ್ಟ ಹೆಸರು ಬಿಟ್ಟು ಒಳಗಿರುವ ಔಷಧದ ಹೆಸರಿನಲ್ಲೇ ಬರೆಯಿರಿ, ಎಷ್ಟು ಮಿಲಿಗ್ರಾಂ ಅನ್ನೋದನ್ನು ಬಿಡಬೇಡಿ. ಬೇರೆ ಕಡೆ ಕೊಟ್ಟ ಮಾತ್ರೆಯೂ ಈ ಪಟ್ಟಿಯಲ್ಲೇ ಬರಬೇಕು. ಅಲರ್ಜಿ ಇಲ್ಲದಿದ್ದರೆ 'ಕೇಳಿದೆ, ಇಲ್ಲ' ಅಂತ ಬರೆಯಿರಿ. ಖಾಲಿ ಬಿಟ್ಟರೆ ಕೇಳಿದ್ದೀರೋ ಇಲ್ಲವೋ ಮುಂದಿನವರಿಗೆ ಗೊತ್ತಾಗುವುದಿಲ್ಲ. ಈ ಮೂರು ಸಾಲು ಸರಿಯಿದ್ದು ಉಳಿದದ್ದು ಅರೆಬರೆ ಇದ್ದರೂ ನಡೆಯುತ್ತದೆ.

ಎರಡನೆಯದು ಹೆಸರು. ಇದು ಸುಲಭ ಅನ್ನಿಸುತ್ತದೆ, ಆದರೆ ನಮಗೆ ಜಾಸ್ತಿ ತೊಂದರೆ ಆದದ್ದು ಇಲ್ಲೇ. ಲಕ್ಷ್ಮಮ್ಮ ಅನ್ನೋದನ್ನು ಇಂಗ್ಲಿಷಿನಲ್ಲಿ ಒಂದು ದಿನ ಕೆ ಎಸ್ ಹಾಕಿ, ಇನ್ನೊಂದು ದಿನ ಎಕ್ಸ್ ಹಾಕಿ ಬರೆದರೆ ಒಬ್ಬರೇ ಇಬ್ಬರಾಗುತ್ತಾರೆ. ಹೋದ ತಿಂಗಳ ಶುಗರ್ ಒಂದು ಪುಟದಲ್ಲಿ, ಈ ತಿಂಗಳದ್ದು ಮತ್ತೊಂದರಲ್ಲಿ. ಮಂಜುನಾಥ ಅಂತ ಹುಡುಕಿದರೆ ಹತ್ತು ಜನ ಬರುತ್ತಾರೆ, ಒಂದೇ ಮೊಬೈಲ್ ನಂಬರಿನಲ್ಲಿ ಅತ್ತೆ, ಸೊಸೆ, ಮಕ್ಕಳು ಎಲ್ಲರೂ ಇರುತ್ತಾರೆ. ನಾವು ಕೌಂಟರಿನಲ್ಲಿ ಮಾಡಿಕೊಂಡ ನಿಯಮ ಹೀಗಿದೆ: ಮೊದಲು ಮೊಬೈಲ್ ನಂಬರ್ ಹಾಕಿ ಹುಡುಕಬೇಕು, ಬಂದ ಪಟ್ಟಿಯಲ್ಲಿ ಹೆಸರು, ವಯಸ್ಸು, ಊರು ಮೂರನ್ನೂ ಬಾಯಲ್ಲಿ ಕೇಳಿ ತಾಳೆ ನೋಡಬೇಕು, ಸಿಗದಿದ್ದರೆ ಮಾತ್ರ ಹೊಸ ಪುಟ ತೆರೆಯಬೇಕು. ವಯಸ್ಸಿನ ಬದಲು ಹುಟ್ಟಿದ ವರ್ಷ ಬರೆಯಿರಿ. ಗೊತ್ತಿಲ್ಲದಿದ್ದರೆ ಅಂದಾಜು ಅಂತ ಗುರುತು ಹಾಕಿ.

ಆಭಾ ನಂಬರ್ ಇದ್ದರೆ ಈ ಗೊಂದಲ ಕಡಿಮೆ. 2021ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಕೊಡುವ 14 ಅಂಕಿಯ ನಂಬರ್ ಅದು. ಜನ ಇದನ್ನು ಆಯುಷ್ಮಾನ್ ಕಾರ್ಡ್ ಅಂದುಕೊಂಡು "ಆಪರೇಷನ್ ಫ್ರೀ ಆಗುತ್ತಾ" ಅಂತ ಕೇಳುತ್ತಾರೆ. ದುಡ್ಡಿಗೂ ಇದಕ್ಕೂ ಸಂಬಂಧ ಇಲ್ಲ, ನಿಮ್ಮ ರಿಪೋರ್ಟುಗಳನ್ನು ಒಂದು ನಂಬರಿಗೆ ಜೋಡಿಸುವುದಕ್ಕೆ ಅಷ್ಟೇ, ನೀವು ಒಪ್ಪಿದರೆ ಮಾತ್ರ ಬೇರೆಯವರು ನೋಡಬಹುದು ಅಂತ ಬಿಡಿಸಿ ಹೇಳಿ. ಆಭಾ ಮಾಡಿಸಲೇಬೇಕು ಅಂತ ಇಲ್ಲ. ಆಧಾರಿನ ಓಟಿಪಿ ಬೆಂಗಳೂರಿನಲ್ಲಿರುವ ಮಗನ ಫೋನಿಗೆ ಹೋಗಿ, ಅವನು ಡ್ಯೂಟಿಯಲ್ಲಿ ಫೋನ್ ಎತ್ತದೆ, ಅಮ್ಮ ಕೌಂಟರಿನ ಮುಂದೆ ಜ್ವರದಲ್ಲಿ ನಿಂತಿರುವುದನ್ನು ನಾನೇ ನೋಡಿದ್ದೇನೆ. ಅಂಥ ಹೊತ್ತಿನಲ್ಲಿ ನಂಬರ್ ಬಿಟ್ಟು ಮೊದಲು ಒಳಗೆ ಕಳಿಸಿ.

ಹಳೆಯ ಚೀಟಿಗಳನ್ನೆಲ್ಲ ಟೈಪ್ ಮಾಡಿಸಲು ಹೋಗಬೇಡಿ. ಯಾರು ಬರುತ್ತಾರೋ ಅವರದ್ದನ್ನು ಬಂದ ದಿನ ಸೇರಿಸಿ. ಬಿಪಿ, ಶುಗರ್, ಆಸ್ತಮಾ, ಫಿಟ್ಸ್, ಗರ್ಭಿಣಿಯರು ಮೊದಲು. ನೆಗಡಿಗೆ ಬಂದವರ ಹಳೇ ಚೀಟಿ ಯಾರಿಗೂ ಬೇಕಾಗುವುದಿಲ್ಲ.

ಟೈಪ್ ಮಾಡುವಾಗ ಮುಖ ರೋಗಿಯ ಕಡೆ ಇರಲಿ. ನಾನು ಪರದೆಯನ್ನು ಮೇಜಿನ ಮೂಲೆಗೆ ಸರಿಸಿಟ್ಟಿದ್ದೇನೆ, ಅವರಿಗೂ ಕಾಣುವ ಹಾಗೆ, ಆದರೆ ಬಾಗಿಲಲ್ಲಿ ಸಾಲು ನಿಂತವರಿಗೆ ಕಾಣದ ಹಾಗೆ. ಮೊದಲು ಮಾತು ಕೇಳಿ, ಪರೀಕ್ಷೆ ಮಾಡಿ, ಆಮೇಲೆ "ಇದನ್ನ ಬರೆದುಕೊಳ್ಳಲಾ" ಅಂತ ಹೇಳಿ ಬರೆಯಿರಿ. ಬಿಪಿ, ತೂಕ, ಜ್ವರ ಇವನ್ನು ಸಿಸ್ಟರ್ ಹೊರಗೇ ಹಾಕಿಬಿಟ್ಟರೆ ನಿಮ್ಮ ಅರ್ಧ ಟೈಪಿಂಗ್ ತಪ್ಪುತ್ತದೆ. ಹಿಂದಿನ ಭೇಟಿಯನ್ನು ಕಾಪಿ ಮಾಡುವ ಬಟನ್ ಇರುತ್ತದಲ್ಲ, ಅದನ್ನು ದಯವಿಟ್ಟು ಮುಟ್ಟಬೇಡಿ. ಹೋದ ತಿಂಗಳ 140/90 ಈ ತಿಂಗಳೂ ಹಾಗೇ ಕೂತಿದ್ದರೆ ಅಳತೆ ಮಾಡಿದ್ದೋ ಕಾಪಿ ಆದದ್ದೋ ಯಾರಿಗೂ ತಿಳಿಯದು.

ಪ್ರಿಂಟ್ ಕನ್ನಡದಲ್ಲಿ ಬರಲಿ. 1-0-1 ಅನ್ನೋದು ನಮಗೆ ಅರ್ಥವಾಗುವ ಲೆಕ್ಕ. 'ಬೆಳಿಗ್ಗೆ 1, ರಾತ್ರಿ 1, ಊಟ ಆದ ಮೇಲೆ' ಅಂತಿದ್ದರೆ ಆರನೇ ಕ್ಲಾಸಿನ ಮೊಮ್ಮಗಳು ಓದಿ ಹೇಳುತ್ತಾಳೆ.

ಈಗ ಸಾಫ್ಟ್‌ವೇರ್. ಮಾರಲು ಬಂದವರಿಗೆ ಮೂರು ಪ್ರಶ್ನೆ ಕೇಳಿ. ನೆಟ್ ಹೋದರೆ ಕೆಲಸ ಮಾಡುತ್ತದಾ? ನಾಳೆ ನಾನು ನಿಮ್ಮನ್ನು ಬಿಟ್ಟರೆ ನನ್ನ ರೋಗಿಗಳ ದಾಖಲೆ ಪೂರ್ತಿ ನನ್ನ ಕೈಗೆ ಕೊಡುತ್ತೀರಾ, ಯಾವ ರೂಪದಲ್ಲಿ? ಕನ್ನಡ ಪ್ರಿಂಟ್ ಬರುತ್ತದಾ? ಉತ್ತರ ಬಾಯಿಮಾತಿನಲ್ಲಿ ಬೇಡ, ಎದುರಿಗೇ ಮಾಡಿ ತೋರಿಸಲಿ. ಬಹ್ಮ್ನಿಯಂಥ ಉಚಿತ, ಮುಕ್ತ ಸಾಫ್ಟ್‌ವೇರೂ ಇದೆ, ಆದರೆ ಅದು ಆಸ್ಪತ್ರೆಯ ಅಳತೆಯದು, ನೋಡಿಕೊಳ್ಳಲು ಕಂಪ್ಯೂಟರ್ ಗೊತ್ತಿರುವ ಒಬ್ಬರು ಬೇಕು.

ಕರೆಂಟು ಹೋಗುತ್ತದೆ, ಅದಕ್ಕೆ ಯುಪಿಎಸ್ ಜೊತೆ ಒಂದು ಕಟ್ಟು ಖಾಲಿ ಚೀಟಿಯೂ ಇರಲಿ. ಆ ಚೀಟಿಗಳಲ್ಲಿ ಬರೆದದ್ದನ್ನು ಅದೇ ಸಂಜೆ ಕಂಪ್ಯೂಟರಿಗೆ ಸೇರಿಸಿಬಿಡಿ, ಮರುದಿನಕ್ಕೆ ಬಿಟ್ಟರೆ ಉಳಿದೇಹೋಗುತ್ತವೆ. ಬ್ಯಾಕಪ್ ಆಗುತ್ತಿದೆ ಅಂತ ಸುಮ್ನೆ ನಂಬಬೇಡಿ, ತಿಂಗಳಿಗೊಮ್ಮೆ ಅದರಿಂದ ಒಂದು ಪುಟವನ್ನು ವಾಪಸ್ ತೆಗೆದು ನೋಡಿ. ಒಬ್ಬೊಬ್ಬರಿಗೂ ಬೇರೆ ಪಾಸ್‌ವರ್ಡ್ ಇರಲಿ, ರಿಪೋರ್ಟಿನ ಫೋಟೋ ವಾಟ್ಸಾಪ್ ಗ್ರೂಪಿಗೆ ಹೋಗಕೂಡದು. ರೋಗಿ ತನ್ನ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರಿಗೆ 2002ರಿಂದಲೂ ನಿಯಮ ಇದೆ. ಕಂಪ್ಯೂಟರಿನಲ್ಲಿದ್ದರೆ ಎರಡು ನಿಮಿಷದ ಕೆಲಸ.

ಇಷ್ಟು ಆರು ತಿಂಗಳು ನಡೆದರೆ ಚೀಟಿಯಿಂದ ಆಗದ ಒಂದು ಕೆಲಸ ಆಗುತ್ತದೆ. ಬಿಪಿ, ಶುಗರ್ ಇರುವವರಲ್ಲಿ ಎರಡು ತಿಂಗಳಿಂದ ಬರದವರ ಪಟ್ಟಿ ತೆಗೆಯಿರಿ. ನಮ್ಮ ಸಿಸ್ಟರ್ ತಿಂಗಳ ಮೊದಲ ಶನಿವಾರ ಫೋನ್ ಮಾಡುತ್ತಾರೆ, ಅದೂ ಸಂಜೆ ಏಳರ ಮೇಲೆ, ಹಗಲಲ್ಲಿ ಎಲ್ಲರೂ ಹೊಲದಲ್ಲಿರುತ್ತಾರೆ. ಕೆಲವರು ಮಾತ್ರೆ ಮುಗಿದ ಮೇಲೆ ಮೈ ಹಗುರಾಯಿತು ಅಂತ ಬಿಟ್ಟಿರುತ್ತಾರೆ, ಕೆಲವರಿಗೆ ಬಸ್ಸಿಗೆ ದುಡ್ಡಿರುವುದಿಲ್ಲ, ಕೆಲವರು ಬಾಣಂತನಕ್ಕೆ ಅಂತ ಮಗಳ ಮನೆಗೆ ಹೋಗಿರುತ್ತಾರೆ. ಹೇಳಿದ ಕಾರಣವನ್ನು ಅವರ ಮಾತಿನಲ್ಲೇ ಪುಟದಲ್ಲಿ ಬರೆಯಿರಿ. ಮುಂದಿನ ಸಲ ಅವರು ಬಂದು ಕೂತಾಗ ಮೊದಲು ಕೇಳಬೇಕಾದದ್ದು ಅದನ್ನೇ.