ಮಗು ಒಂದರಲ್ಲೇ ಮನಸ್ಸಿಟ್ಟು ಆಡೋ ಹಾಗೆ ಮಾಡೋದು ಹೇಗೆ

ಮುಂಬೈ ಪಕ್ಕದ ಡೊಂಬಿವ್ಲಿ, ಥಾಣೆ ಕಡೆ ಸಣ್ಣ ಫ್ಲ್ಯಾಟಲ್ಲಿರೋ ನಮ್ಮ ಕನ್ನಡದವ್ರು ತುಂಬಾ ಜನ ಕೇಳ್ತಾರೆ, ಮಗು ಎರಡು ನಿಮಿಷ ಒಂದು ಕಡೆ ಕೂರಲ್ಲ ಏನ್ ಮಾಡೋದು ಅಂತ. ಎರಡು ವರ್ಷದ ಮಗು ಇರೋದೇ ಹಾಗೆ, ಗಾಬರಿ ಬೇಡ. ಆ ವಯಸ್ಸಲ್ಲಿ ಹೊಸದು, ಸದ್ದು ಮಾಡೋದು ಏನಿದ್ರೂ ಮನಸ್ಸು ಅತ್ಲಾಗೇ ಹೋಗುತ್ತೆ, ಬೇಕು ಅಂತ ತಾನೇ ಒಂದರಲ್ಲಿ ನಿಲ್ಲೋದು ಮೂರರಿಂದ ಐದು ವರ್ಷದೊಳಗೆ ನಿಧಾನಕ್ಕೆ ಬರುತ್ತೆ, ಅದಕ್ಕೆ ಬೇಕಾದ ಮೆದುಳಿನ ಮುಂಭಾಗ ಪೂರ್ತಿ ಬಲಿಯೋದು ಇಪ್ಪತ್ತು ದಾಟಿದ್ಮೇಲೆ.

ಮೊದಲು ಟಿವಿ ಆಫ್ ಮಾಡಿ. ಅಜ್ಜಿ ಸೀರಿಯಲ್ ನೋಡ್ತಿದ್ರೆ ಮಗು ಅತ್ತ ತಿರುಗೋದೂ ಇಲ್ವಲ್ಲ ಅನ್ಬೇಡಿ, 2008ರ ಒಂದು ಅಮೆರಿಕನ್ ಸ್ಟಡೀಲಿ ಒಂದರಿಂದ ಮೂರು ವರ್ಷದ ಮಕ್ಕಳು ಹಿಂದೆ ಓಡ್ತಿದ್ದ ದೊಡ್ಡವರ ಪ್ರೋಗ್ರಾಮನ್ನ ಅಷ್ಟಾಗಿ ನೋಡ್ಲೇ ಇಲ್ಲ, ಆದ್ರೂ ಆಟ ಬೇಗ ಬೇಗ ಬಿಟ್ಬಿಡ್ತಿದ್ರು. ಆಟದ ಸಾಮಾನೂ ಕಮ್ಮಿ ಮಾಡಿ, ನಾಲ್ಕು ಹೊರಗಿಟ್ಟು ಮಿಕ್ಕಿದ್ದು ಮಂಚದ ಕೆಳಗೆ ತಳ್ಳಿ, ಆಗಾಗ ಬದಲಾಯಿಸಿ.

ಇನ್ನು ಮುಖ್ಯವಾದ್ದು. ಮಗು ಕೈಗೆ ಒಂದು ತಟ್ಟೆ ಬಟಾಣಿಕಾಯಿ ಕೊಡಿ, ಸಿಪ್ಪೆ ಬಿಡಿಸಿ ಕಾಳನ್ನ ಒಂದೊಂದಾಗಿ ಲೋಟಕ್ಕೆ ಹಾಕ್ತಾ ಇರೋವಾಗ ನೋಡಿ, ತುಟಿ ಮುಂದೆ ಬಂದಿರುತ್ತೆ, ಕಾಲು ಆಡ್ಸೋದು ನಿಂತಿರುತ್ತೆ, ಗಮನ ಅಂದ್ರೆ ಅದೇ, ಆ ಹೊತ್ತಲ್ಲಿ ಎದೆಬಡಿತ ಕೂಡ ನಿಧಾನ ಆಗುತ್ತೆ. ನಾವು ಸರಿಯಾಗಿ ಆಗ್ಲೇ "ಪುಟ್ಟಾ ಇದ್ಯಾವ ಕಲರ್? ಎಷ್ಟಿದೆ ಹೇಳು" ಅಂತ ಶುರು ಮಾಡ್ತೀವಿ. ದಯವಿಟ್ಟು ಬೇಡ. ಪಕ್ಕದಲ್ಲಿ ಕೂತು ಮಗು ನೋಡ್ತಿರೋದನ್ನೇ ನೀವೂ ನೋಡಿ, ಸಾಕು. 2016ರಲ್ಲಿ ಅಮೆರಿಕದ ಇಂಡಿಯಾನಾ ಯೂನಿವರ್ಸಿಟಿಯ ಸಂಶೋಧಕರು ಚೆನ್ ಯು, ಲಿಂಡಾ ಸ್ಮಿತ್ ಒಂದು ವರ್ಷದ ಆಸುಪಾಸಿನ ಮಕ್ಕಳಲ್ಲಿ ಕಂಡಿದ್ದೂ ಇದೇ, ಅಪ್ಪ ಅಮ್ಮ ಅದೇ ವಸ್ತು ನೋಡಿದ್ರೆ ಮಗು ಅದರ ಮೇಲೆ ಇನ್ನೂ ಹೆಚ್ಚು ಹೊತ್ತು ಕಣ್ಣಿಡುತ್ತೆ. ಫೋನ್ ಕೈಯಲ್ಲಿದ್ರೆ ಇದು ಆಗಲ್ಲ.

ನಿದ್ದೆ ವಿಷಯ ಈ ಊರಲ್ಲಿ ಕಷ್ಟಾನೇ, ಅಪ್ಪ ಲೋಕಲ್ ಟ್ರೈನ್ ಹಿಡಿದು ಬರೋದು ರಾತ್ರಿ ಹತ್ತಕ್ಕೆ, ಮುಖ ನೋಡ್ಲಿ ಅಂತ ಮಗುನೂ ಎಬ್ಬಿಸಿಟ್ಟಿರ್ತೀವಿ. ಮೂರು ನಾಲ್ಕು ವರ್ಷಕ್ಕೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ, ಹಾಗಾಗಿ ಅಪ್ಪನ ಆಟ ಬೆಳಿಗ್ಗೆಗೆ ಇಟ್ಕೊಳ್ಳಿ. ಸ್ಕ್ರೀನು ಎರಡು ವರ್ಷದೊಳಗೆ ಬೇಡವೇ ಬೇಡ, ನಾಲ್ಕರವರೆಗೆ ದಿನಕ್ಕೆ ಹೆಚ್ಚಂದ್ರೆ ಒಂದು ಗಂಟೆ.

ಹೆಸರು ಹಿಡಿದು ಕರೆದ್ರೆ ತಿರುಗಲ್ಲ, ಬೆರಳು ತೋರಿಸಿದ ಕಡೆ ನೋಡಲ್ಲ ಅಂದ್ರೆ ಮಾತ್ರ ಕಾಯ್ಬೇಡಿ, ಮಕ್ಕಳ ಡಾಕ್ಟರ್ ಹತ್ರ ಹೋಗಿ ಕಿವಿ ಮೊದಲು ಚೆಕ್ ಮಾಡಿಸಿ.