ಕರಿಬೇವಿನ ಹುಳದ ಫೋಟೊ ತೆಗೆಯುವುದು ಹೇಗೆ?

ಒಗ್ಗರಣೆಗೆ ಕರಿಬೇವು ಕೀಳಲು ಹೋದಾಗ ಎಲೆಯ ಅಂಚನ್ನು ಯಾರೋ ಕಚ್ಚಿ ತಿಂದಂತೆ ಕಂಡರೆ ಬೈದುಕೊಳ್ಳಬೇಡಿ. ಒಳಗೆ ಹೋಗಿ ಮೊಬೈಲ್ ತನ್ನಿ. ಕಾಮನ್ ಮಾರ್ಮನ್ ಮತ್ತು ಲೈಮ್ ಚಿಟ್ಟೆಗಳು ಮೊಟ್ಟೆ ಇಡುವುದು ಕರಿಬೇವು, ನಿಂಬೆಯಂಥ ಗಿಡಗಳ ಮೇಲೆ. ಎಲೆ ತಿನ್ನುವುದು ಅವುಗಳ ಹುಳ. ಬಾಲ್ಕನಿಯ ಕುಂಡದ ಗಿಡವಾದರೂ ಸಾಕು, ಹುಡುಕಿಕೊಂಡು ಬರುತ್ತವೆ.

ಮೊದಲು ಹುಳ ಹುಡುಕಿ

ಕೆಳಗಿನ ಎಲೆಗಳ ಮೇಲೆ, ಕುಂಡದ ಮಣ್ಣಿನ ಮೇಲೆ ಸಣ್ಣ ಕಪ್ಪು ಹಿಕ್ಕೆ ಬಿದ್ದಿದೆಯಾ ನೋಡಿ. ಇದ್ದರೆ ಅದರ ನೇರ ಮೇಲೆ ಹುಡುಕಿ. ಮರಿ ಹುಳ ಥೇಟ್ ಹಕ್ಕಿ ಹಿಕ್ಕೆಯ ಹಾಗೆ ಕಂದು–ಬಿಳಿ ಇರುತ್ತದೆ. ಎಷ್ಟೋ ಜನ ಅದನ್ನು ಒರೆಸಿ ಎಸೆದಿರುತ್ತಾರೆ. ದೊಡ್ಡದಾದ ಮೇಲೆ ಎಲೆಯದೇ ಹಸಿರು.

ಬೆಳಿಗ್ಗೆ ಏಳರಿಂದ ಒಂಬತ್ತು ಒಳ್ಳೆಯ ಸಮಯ. ಬಿಸಿಲು ಮೆತ್ತಗಿರುತ್ತದೆ, ಗಾಳಿ ಕಡಿಮೆ. ತಂಪಿಗೆ ಚಿಟ್ಟೆ, ಜೇನುನೊಣಗಳೂ ಬೇಗ ಹಾರುವುದಿಲ್ಲ. ಅಂದ ಹಾಗೆ, ಹುಳ ಅಲುಗಾಡದಿರಲಿ ಎಂದು ಫ್ರಿಜ್‌ನಲ್ಲಿಟ್ಟು ಫೋಟೊ ತೆಗೆಯುವವರೂ ಇದ್ದಾರೆ. ಆ ಕೆಲಸ ಮಾತ್ರ ಬೇಡ.

ಹತ್ತಿರ ಹೋಗುವುದು

ಮೊದಲು ಲೆನ್ಸ್ ಒರೆಸಿ. ದೋಸೆ ತಿಂದ ಕೈಯ ಎಣ್ಣೆ ಅಂಟಿದ್ದರೆ ಯಾವ ಮೊಬೈಲೂ ಮಂಜು ಮಂಜೇ. ನಿಮ್ಮ ನೆರಳು ಗಿಡದ ಮೇಲೆ ಬೀಳದ ಹಾಗೆ ನಿಲ್ಲಿ. ಅಗ್ಗದ ಮೊಬೈಲಿನ ಮ್ಯಾಕ್ರೋ (ತೀರಾ ಹತ್ತಿರದ ಫೋಟೊಗೆಂದೇ ಇರುವ) ಲೆನ್ಸಿಗಿಂತ, ಒಂದು ಗೇಣು ಹಿಂದೆ ನಿಂತು 2 ಪಟ್ಟು ಜೂಮ್ ಮಾಡಿದ ಮುಖ್ಯ ಕ್ಯಾಮೆರಾ ಎಷ್ಟೋ ಸಲ ವಾಸಿ. ಹುಳವೂ ಗಾಬರಿಯಾಗುವುದಿಲ್ಲ.

ಗಾಬರಿಯಾದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಹೊರಗೆ ಚಾಚುತ್ತದೆ, ಜೊತೆಗೆ ಘಾಟು ವಾಸನೆ. ಫೋಟೊಗೆ ಚೆನ್ನಾಗಿ ಕಾಣುತ್ತದೆ ನಿಜ. ಹಾಗಂತ ಕಡ್ಡಿಯಿಂದ ಚುಚ್ಚಬೇಡಿ.

ಫೋಕಸ್ ಎಲ್ಲಿ?

ಎಲ್ಲರೂ ಎಡವುವುದು ಇಲ್ಲೇ. ದೊಡ್ಡ ಹುಳದ ಮೇಲೆ ಎದ್ದು ಕಾಣುವ ಎರಡು ಕಣ್ಣು ಬರೀ ಗುರುತು, ಶತ್ರುವನ್ನು ಹೆದರಿಸಲು. ನಿಜವಾದ ತಲೆ ಅದರ ಮುಂದೆ, ಕೆಳಗೆ ಬಾಗಿಕೊಂಡು, ಎಲೆ ಮೇಯುತ್ತಿರುತ್ತದೆ. ಅಲ್ಲಿ ಬೆರಳಿಟ್ಟು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ. ಇಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಬರುವುದು ಕೆಲವೇ ಮಿಲಿಮೀಟರ್. ಹಾಗಾಗಿ ಹುಳದ ಪಕ್ಕಕ್ಕೆ ಮೊಬೈಲನ್ನು ಸಮಾನಾಂತರವಾಗಿ ಹಿಡಿಯಿರಿ, ಉದ್ದಕ್ಕೂ ಸ್ಪಷ್ಟವಾಗುತ್ತದೆ. ರೆಕ್ಕೆ ಮಡಚಿದ ಚಿಟ್ಟೆಗೂ ಇದೇ ಲೆಕ್ಕ.

ಗಾಳಿ ಬಂದರೆ ಟೊಂಗೆಯ ಬುಡವನ್ನು ಬಟ್ಟೆ ಕ್ಲಿಪ್ಪಿನಿಂದ ಒಂದು ಕೋಲಿಗೆ ಸಿಕ್ಕಿಸಿ. ಉಸಿರು ಬಿಗಿಹಿಡಿದು ಹತ್ತು ಫೋಟೊ ಒಟ್ಟಿಗೆ ತೆಗೆಯಿರಿ. ಒಂದು ಸರಿ ಬಂದರೆ ಗೆದ್ದಂತೆ. ಹಿಂದೆ ಒಣಹಾಕಿದ ಟವೆಲ್ ಕಾಣುತ್ತಿದ್ದರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಅಷ್ಟೇ.

ಬೆಳಕು

ಕೆಂಪು ದಾಸವಾಳ ಫೋಟೊದಲ್ಲಿ ಬಣ್ಣ ಬಳಿದ ಹಾಗೆ ಚಪ್ಪಟೆ ಬರುತ್ತದೆ, ಅಲ್ವಾ? ಪರದೆ ಮುಟ್ಟಿದಾಗ ಕಾಣುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಎಸಳಿನ ಗೆರೆಗಳು ಕಾಣತೊಡಗುತ್ತವೆ. ಒಂದು ಬದಿ ಕತ್ತಲಾದರೆ ಆ ಕಡೆ ಬಿಳಿ ಹಾಳೆ ಹಿಡಿಯಿರಿ.

ಹಳೆಯ 50 ಮಿ.ಮೀ. ಲೆನ್ಸ್ ಮತ್ತು ಕ್ಯಾಮೆರಾ ಇದ್ದವರು ಒಂದು ರಿವರ್ಸ್ ರಿಂಗ್ (ಲೆನ್ಸನ್ನು ಹಿಂದುಮುಂದಾಗಿ ಕೂರಿಸುವ ಬಳೆ) ಕೊಂಡು ಲೆನ್ಸನ್ನು ತಿರುಗಾಮುರುಗಾ ಹಾಕಿ ನೋಡಬಹುದು, ಹುಳ ದೊಡ್ಡದಾಗಿ ಬರುತ್ತದೆ. ದುಬಾರಿ ಮ್ಯಾಕ್ರೋ ಲೆನ್ಸ್ ಆಮೇಲೆ ನೋಡಿಕೊಂಡರಾಯಿತು.

ಹುಳ ಕೋಶ ಕಟ್ಟಿದ ಮೇಲೆ ದಿನಾ ನೋಡುತ್ತಿರಿ. ಚಿಟ್ಟೆ ಹೊರಬರುವ ಹೊತ್ತಿಗೆ ಕೋಶ ಕಪ್ಪಾಗಿ, ಒಳಗಿನ ರೆಕ್ಕೆ ಕಾಣುತ್ತದೆ. ಸಾಮಾನ್ಯವಾಗಿ ಬೆಳಿಗ್ಗೆಯೇ ಬರುತ್ತದೆ. ನಾನೊಮ್ಮೆ ಆರು ಗಂಟೆಯಿಂದ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಹಾಲು ಉಕ್ಕಿದ ಸದ್ದಿಗೆ ಒಳಗೆ ಓಡಿದೆ. ಒಲೆ ಒರೆಸಿ ಬರುವಷ್ಟರಲ್ಲಿ ಖಾಲಿ ಕೋಶ, ಪಕ್ಕದಲ್ಲಿ ಒದ್ದೆ ರೆಕ್ಕೆ ಇಳಿಬಿಟ್ಟುಕೊಂಡು ಚಿಟ್ಟೆ. ಆ ಫೋಟೊನೇ ಈಗಲೂ ನನ್ನ ಮೊಬೈಲಿನ ಪರದೆಯ ಮೇಲಿದೆ.