ಐದನೇ ದಿನ ನಾನು ಟೀ ಕುಡಿಯಲು ಹೋದೆ

"ಮುಂದೆ ನಿಂತು ಏಕಂ, ದ್ವೇ ಅಂತ ಎಣಿಸೋರು ಇಲ್ದೆ ನಮ್ಮೂರ ಜನ ಒಂದು ಕೈ ಎತ್ತಲ್ಲ ಕಣಮ್ಮ."

ಹಾಸನದಲ್ಲಿ ನನಗಿಂತ ಇಪ್ಪತ್ತು ವರ್ಷ ಮೊದಲೇ ಯೋಗ ಹೇಳಿಕೊಡಲು ಶುರು ಮಾಡಿದ ಹಿರಿಯರೊಬ್ಬರ ಮಾತಿದು. ಬೇಕರಿ ಮುಂದೆ ನಿಂತು ಬನ್ ತಿನ್ನುತ್ತಾ ಹೇಳಿದರು. ಜೊತೆಗಿದ್ದ ಇನ್ನಿಬ್ಬರು ಶಿಕ್ಷಕರು ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ಉರಿಯುತ್ತಿತ್ತು.

ನಾನು ಕೇಳಿದ್ದು ಇಷ್ಟೇ. ಐದು ದಿನದ ಶಿಬಿರ ಮಾಡ್ತೀನಿ. ಆರನೇ ದಿನದಿಂದ ಅವರವರ ಮನೆಯಲ್ಲಿ ಅವರವರೇ ಮಾಡಿಕೊಳ್ಳಬೇಕು. ಯೂಟ್ಯೂಬ್ ಬೇಡ, ನಾನೂ ಬೇಡ. ಆಗುತ್ತಾ? ಆಗಲ್ಲ ಅಂತ ಮೂವರೂ ಹೇಳಿದರು. ಈಗ ಆಗಿದೆ. 18 ಜನ ಬಂದಿದ್ದರು, 40 ದಿನ ಆದಮೇಲೂ 11 ಜನ ಮಾಡುತ್ತಿದ್ದರು. ಹೊರಗಿನವರಿಗೆ ಇದು ಕಮ್ಮಿ ಅನಿಸಬಹುದು. ಶಿಬಿರ ನಡೆಸಿದವರನ್ನು ಕೇಳಿ ನೋಡಿ. ಮುಗಿದು ಒಂದು ತಿಂಗಳಿಗೆ ಒಬ್ಬರೋ ಇಬ್ಬರೋ ಮ್ಯಾಟ್ ಬಿಡಿಸುತ್ತಿದ್ದರೆ ದೊಡ್ಡದು.

ಇಲ್ಲಿಗೆ ಬರುವ ಮೊದಲು ಮೂರು ಸಲ ಚೆನ್ನಾಗಿ ಮುಗ್ಗರಿಸಿದ್ದೇನೆ.

ಮೊದಲನೇದು 2018ರಲ್ಲಿ. ಹತ್ತು ದಿನ, 26 ಜನ. ಹೊಸ ಹುರುಪು ನೋಡಿ, ಅಷ್ಟಾಂಗ ಯೋಗದ ಮೊದಲ ಆಸನ ಸರಣಿ ಪ್ರೈಮರಿ ಸೀರೀಸ್ ಪೂರ್ತಿ ಹೇಳಿಕೊಟ್ಟುಬಿಡೋಣ ಅಂತ ಹೊರಟೆ. ನಾಲ್ಕನೇ ದಿನ ಕಷ್ಟದ ಮರೀಚ್ಯಾಸನಕ್ಕೆ ಬರುವ ಹೊತ್ತಿಗೆ 9 ಜನ ಉಳಿದಿದ್ದರು. ಹಾಲ್ ಬಾಡಿಗೆ ಹತ್ತು ದಿನಕ್ಕೂ ಮುಂಗಡ ಕಟ್ಟಿದ್ದೆ. ಬಿಟ್ಟು ಹೋದವರು ಅರ್ಧ ಫೀಸು ವಾಪಸ್ ಕೇಳಿದರು, ಕೊಟ್ಟೆ. ಹದಿನೈದು ಸಾವಿರದ ಹತ್ತಿರ ಕೈಬಿಟ್ಟಿತು. ಮನೆಯಲ್ಲಿ ಒಂದು ವಾರ ಯಾರೂ ಈ ವಿಷಯ ಎತ್ತಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಎರಡನೇದು 2019ರಲ್ಲಿ. ಇದು ಶುದ್ಧ ದಡ್ಡತನ. ಹುಟ್ಟಿ ಬೆಳೆದಿದ್ದೆಲ್ಲ ಇದೇ ಊರು, ಆದರೂ ಹಾಸನಾಂಬೆ ಬಾಗಿಲು ತೆಗೆಯುವ ದಿನಗಳಲ್ಲೇ ಶಿಬಿರ ಇಟ್ಟೆ! ವರ್ಷಕ್ಕೊಮ್ಮೆ ತೆಗೆಯುವ ಬಾಗಿಲು. ಮನೆ ತುಂಬ ನೆಂಟರು, ರಸ್ತೆ ತುಂಬ ಬ್ಯಾರಿಕೇಡು. ಬೆಳಗ್ಗೆ ಐದೂವರೆಗೆ ಬರಬೇಕಾದವರು ದರ್ಶನದ ಸಾಲಲ್ಲಿ ನಿಂತಿದ್ದರು. ಬಂದ ಏಳೆಂಟು ಜನಕ್ಕೆ ಹುಮ್ಮಸ್ಸಿನಲ್ಲಿ ಜೋರಾಗಿ ಉಸಿರು ಎಳೆದು ಬಿಡುವ ಭಸ್ತ್ರಿಕಾ ಮಾಡಿಸಿದೆ, ಮೇಲೆ ಉಸಿರು ಹಿಡಿಯುವ ಕುಂಭಕ ಬೇರೆ. ಒಬ್ಬರಿಗೆ ತಲೆ ಸುತ್ತಿ ಗೋಡೆಗೆ ಒರಗಿ ಕೂತುಬಿಟ್ಟರು. ಬಿಪಿ ಮಾತ್ರೆ ತಗೋತಿದ್ದರಂತೆ. ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ತಪ್ಪು ನನ್ನದೇ. ಅಂದಿನಿಂದ ಐದು ದಿನದ ಶಿಬಿರದಲ್ಲಿ ಕುಂಭಕ ಅನ್ನುವ ಪದವನ್ನೂ ಬಾಯಿಗೆ ತರುವುದಿಲ್ಲ.

ಮೂರನೇದು 2022ರಲ್ಲಿ, ಉಚಿತ ಶಿಬಿರ. ಹೆಸರು ಕೊಟ್ಟವರು 60, ಬಂದವರು ಇಪ್ಪತ್ತರ ಆಸುಪಾಸು, ಕೊನೆಯ ದಿನ 6. ಉಚಿತ ಅಂದರೆ ಜನ ಬರುತ್ತಾರೆ ಅನ್ನುವವರಿಗೆ ಈ ಲೆಕ್ಕ ತೋರಿಸುತ್ತೇನೆ.

ಇದರಲ್ಲಿ ಒಂದು ತಮಾಷೆ ಇದೆ. ಸ್ವಂತ ಅಭ್ಯಾಸ ಕಲಿಯೋಕೆ ಯಾವ್ಯಾವ ದೇಶದಿಂದಲೋ ಜನ ಮೈಸೂರಿಗೆ ಬಂದು, ರೂಮು ಮಾಡಿಕೊಂಡು, ಕತ್ತಲಲ್ಲೇ ಎದ್ದು ಹೋಗುತ್ತಾರೆ. ಇದಕ್ಕೆ ಜಗತ್ತಲ್ಲೆಲ್ಲ ಮೈಸೂರು ಶೈಲಿ ಅಂತಲೇ ಹೆಸರು. ಆದರೆ ಈ ಶೈಲಿ ಕಲಿಸಿದ ಪಟ್ಟಾಭಿ ಜೋಯಿಸರು ಹುಟ್ಟಿದ್ದು ನಮ್ಮ ಪಕ್ಕದ ಕೌಶಿಕದಲ್ಲಿ, 1915ರಲ್ಲಿ. ಅವರು ತಮ್ಮ ಯೋಗ ಗುರು ಕೃಷ್ಣಮಾಚಾರ್ಯರನ್ನು ಮೊದಲು ನೋಡಿದ್ದು 1927ರಲ್ಲಿ, ಇದೇ ಹಾಸನದ ಜುಬಿಲಿ ಹಾಲ್‌ನಲ್ಲಿ. ಆಗ ಹನ್ನೆರಡು ವರ್ಷದ ಹುಡುಗ. ಪ್ರದರ್ಶನ ನೋಡಿ ಮಾರನೇ ದಿನವೇ ಹೋಗಿ ಕಲಿಯಲು ಸೇರಿಕೊಂಡರು. ಕೃಷ್ಣಮಾಚಾರ್ಯರಂಥವರೂ ಒಂದು ಕಾಲಕ್ಕೆ ಹೊಟ್ಟೆಪಾಡಿಗೆ ನಮ್ಮ ಜಿಲ್ಲೆಯ ಕಾಫಿ ತೋಟದಲ್ಲಿ ಕೆಲಸಕ್ಕಿದ್ದರು. ಇಷ್ಟೆಲ್ಲ ನಮ್ಮ ಕಾಲಬುಡದಲ್ಲೇ ಆಗಿದೆ. ಆದರೂ ನಮ್ಮೂರ ಜನಕ್ಕೆ ತಾವಾಗಿಯೇ ಮಾಡೋಕೆ ಬರಲ್ಲವಂತೆ! ಆ ಬನ್ ತಿಂದ ದಿನ ನನಗೆ ಉರಿದಿದ್ದು ಇದಕ್ಕೇ.

ಈ ಸಲ ಏನು ಬದಲಾಯಿಸಿದೆ ಅಂದರೆ, ಮೊದಲು ಕಮ್ಮಿ ಮಾಡಿದೆ. ಸೂರ್ಯ ನಮಸ್ಕಾರದ ಎ ಬಗೆ 5 ಸುತ್ತು, ಬಿ ಬಗೆ 3 ಸುತ್ತು, ನಿಂತು ಮಾಡುವ ಮೂರು ಆಸನ, ಕೂತು ಮಾಡುವ ಎರಡು, ಕೊನೆಗೆ ಸುಮ್ನೆ ಕೂತು ಉಸಿರು, ಶವಾಸನ. ನಿಧಾನಕ್ಕೆ ಮಾಡಿದರೂ 40 ನಿಮಿಷ ದಾಟಲ್ಲ. ನೀವೂ ಕಲಿಸುವವರಾದರೆ, ಯಾವ ಮೂರು, ಯಾವ ಎರಡು ಅಂತ ನಿಮ್ಮ ಬ್ಯಾಚ್ ನೋಡಿ ನೀವೇ ಆರಿಸಿಕೊಳ್ಳಿ. ನನ್ನಲ್ಲಿ ಅರ್ಧಕ್ಕಿಂತ ಜಾಸ್ತಿ ನಲವತ್ತು ದಾಟಿದ ಹೆಂಗಸರು, ಮಂಡಿ ಎಲ್ಲರದ್ದೂ ಮಾತಾಡುತ್ತೆ. ಪದ್ಮಾಸನದ ಗೋಜಿಗೇ ಹೋಗಲಿಲ್ಲ.

ಆಮೇಲೆ, ನನ್ನ ಬಾಯಿ ಮುಚ್ಚಿದೆ. ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಮೊದಲನೇ ದಿನ ಪೂರ್ತಿ ಹೇಳಿದೆ: ಏಕಂ, ಉಸಿರು ತಗೊಳ್ಳಿ, ಕೈ ಮೇಲೆ. ದ್ವೇ, ಉಸಿರು ಬಿಡಿ, ಬಗ್ಗಿ. ಎರಡನೇ ದಿನ ಬರೀ ಎಣಿಕೆ. ಉಸಿರಿನ ಮಾತಿಲ್ಲ, ಕೈಕಾಲಿನ ಮಾತಿಲ್ಲ. ಮೂರನೇ ದಿನ ಏಕಂ ಅಂತ ಶುರು ಮಾಡಿಕೊಟ್ಟು ನಿಲ್ಲಿಸಿದೆ. ಹಾಲ್‌ನಲ್ಲಿ ಗದ್ದಲವೋ ಗದ್ದಲ. ಒಬ್ಬರು ಕೆಳಗೆ, ಒಬ್ಬರು ಮೇಲೆ, ಒಬ್ಬರು ಪಕ್ಕದವರನ್ನು ಕದ್ದು ನೋಡಿ ತಪ್ಪನ್ನೇ ಕಾಪಿ ಹೊಡೆಯುತ್ತಿದ್ದಾರೆ. "ಮೇಡಂ, ಮುಂದೇನು?" ಅಂದರು. ಉತ್ತರ ಕೊಡಲಿಲ್ಲ. ಒಂದು ನಿಮಿಷ ಹಾಗೇ ನಿಂತಿದ್ದು ನೆನಪಿಗೆ ಬಂದ ಕಡೆಯಿಂದ ಮುಂದುವರಿದರು. ಆ ಒಂದು ನಿಮಿಷ ತಡೆದುಕೊಳ್ಳೋಕೆ ನನಗೆ ನಾಲ್ಕು ವರ್ಷ ಬೇಕಾಯಿತು. ಹಿಂದಿನ ಶಿಬಿರಗಳಲ್ಲಿ ಅಂಥ ಕಡೆ ಬಾಯಿ ಹಾಕಿ ಹಾಕಿಯೇ ಕೆಡಿಸಿದ್ದೆ.

ನಾಲ್ಕನೇ ದಿನ ಮಾತೇ ಇಲ್ಲ. ಸುತ್ತ ಓಡಾಡಿಕೊಂಡು ಬೇಕಾದವರಿಗೆ ಕೈ ಹಿಡಿದು ಸರಿಮಾಡಿದೆ ಅಷ್ಟೇ. ಐದನೇ ದಿನ ಎಲ್ಲರೂ ನೆಟ್ಟಗೆ ಸಮಸ್ಥಿತಿಯಲ್ಲಿ ನಿಂತ ಮೇಲೆ ಬಾಗಿಲು ಮುಂದೆ ಎಳೆದುಕೊಂಡು ಕೆಳಗೆ ಟೀ ಕುಡಿಯೋಕೆ ಹೋಗಿಬಿಟ್ಟೆ. ಮೊದಲೇ ಹೇಳಿರಲಿಲ್ಲ. ನನಗೆ ಸಹಾಯಕ್ಕಿದ್ದ ಹುಡುಗಿಗೆ ಮಾತ್ರ ಗೊತ್ತಿತ್ತು, ಯಾರಿಗಾದರೂ ಏನಾದರೂ ಆದರೆ ಇರಲಿ ಅಂತ ಅವಳನ್ನು ಮೂಲೆಯಲ್ಲಿ ಕೂರಿಸಿದ್ದೆ. ಟೀ ಬಂತು, ಕುಡಿಯೋಕೆ ಆಗಲಿಲ್ಲ. ಅರ್ಧ ಲೋಟ ಬಿಟ್ಟು ಮೆಟ್ಟಿಲ ಮೇಲೆ ಬಂದು ಕೂತೆ. ಒಳಗಿಂದ ಮಾತು ಕೇಳಿಸಲಿಲ್ಲ. ಉಸಿರು ಕೇಳಿಸುತ್ತಿತ್ತು. ಒಬ್ಬೊಬ್ಬರದು ಒಂದೊಂದು ಹೊತ್ತಿಗೆ. ಮಧ್ಯೆ ಮಧ್ಯೆ ಪಾದ ನೆಲಕ್ಕೆ ತಾಗುವ ಸದ್ದು. ಇಪ್ಪತ್ತು ನಿಮಿಷ ಬಿಟ್ಟು ಒಳಗೆ ಹೋದರೆ ಇಬ್ಬರು ಮಾತ್ರ ಕೂತಿದ್ದರು. ಉಳಿದವರು ನನ್ನನ್ನು ನೋಡಲೂ ಇಲ್ಲ.

ಉಸಿರಿನ ಕಥೆ ಬೇರೆಯೇ ಇದೆ. ಎಲ್ಲರೂ ಉಸಿರು ಕಟ್ಟುವುದು ಚತುರಂಗ ದಂಡಾಸನದಲ್ಲಿ, ಕೈ ಮಡಿಸಿ ಮೈಯನ್ನು ನೆಲದ ಹತ್ತಿರಕ್ಕೆ ಇಳಿಸುವ ಕಡೆ. ಉಜ್ಜಾಯಿ, ಅಂದರೆ ಗಂಟಲಲ್ಲಿ ಸಣ್ಣ ಸದ್ದಾಗುವ ಉಸಿರು, ಅಂತ ಎಷ್ಟು ಹೇಳಿದರೂ ಆ ಜಾಗಕ್ಕೆ ಬಂದಾಗ ಮುಖ ಕೆಂಪು, ಹಲ್ಲು ಕಚ್ಚು. ಮೊದಲು ಫೋನಿನಲ್ಲಿ ಮೆಟ್ರೋನೋಮ್ ಹಾಕಿ ನೋಡಿದೆ. ಆರಡಿ ಎತ್ತರದ ಇಂಜಿನಿಯರಿಂಗ್ ಹುಡುಗನ ಉಸಿರೂ 58 ವರ್ಷದ ನಿವೃತ್ತ ಟೀಚರ್ ಉಸಿರೂ ಒಂದೇ ತಾಳಕ್ಕೆ ಕೂರುತ್ತಾ? ಕೂರಲಿಲ್ಲ. ತಂಬೂರಿ ಶ್ರುತಿ ಹಾಕಿದೆ. ಇಬ್ಬರು ನಿದ್ದೆಗೆ ಜಾರಿದರು.

ಕೊನೆಗೆ ಕೈಹಿಡಿದಿದ್ದು ಭ್ರಾಮರಿ ಪ್ರಾಣಾಯಾಮ. ಕೂತು ಮಾಡುವುದಲ್ಲ. ಸೂರ್ಯ ನಮಸ್ಕಾರದಲ್ಲೇ, ಉಸಿರು ಬಿಡುವ ಕಡೆಯೆಲ್ಲ ಬಾಯಿ ಮುಚ್ಚಿ ಗುಂಯ್ ಅನ್ನಿಸಿದೆ. ಗುಂಯ್ ಅನ್ನುತ್ತಾ ಉಸಿರು ಕಟ್ಟೋಕೆ ಯಾರ ಕೈಲೂ ಆಗಲ್ಲ, ಮಾಡಿ ನೋಡಿ. ಸದ್ದು ನಿಂತ ಕಡೆ ಉಸಿರು ನಿಂತಿದೆ ಅಂತ ಅವರಿಗೇ ತಿಳಿಯುತ್ತೆ, ನಾನು ಹೇಳಬೇಕಾಗಿಲ್ಲ. ಮೊದಲೆರಡು ದಿನ ಹೀಗೆ, ಮೂರನೇ ದಿನದಿಂದ ಸದ್ದು ತೆಗೆದು ಬರೀ ಉಸಿರು. ಮೊದಲನೇ ದಿನ ಕೆಳಗಿನ ಅಂಗಡಿಯವರು ಓಡಿ ಬಂದು, "ಮೇಡಂ, ಮೇಲೆ ಎಲ್ಲಾದ್ರೂ ಜೇನು ಕಟ್ಟಿದ್ಯಾ ನೋಡಿ" ಅಂದರು.

ಸಂಜೆ ಒಂದು ಗಂಟೆ ಬರೀ ಪ್ರಾಣಾಯಾಮ. ಅದರಲ್ಲಿ ವಿಶೇಷ ಏನಿಲ್ಲ. ಒಂದೊಂದೇ ಹೊಳ್ಳೆಯಲ್ಲಿ ಉಸಿರಾಡುವ ನಾಡಿ ಶೋಧನ, ಮೊದಲು ಸಮಸಮ, ಮೂರನೇ ದಿನದಿಂದ ನಾಲ್ಕು ಎಣಿಕೆ ಒಳಗೆ, ಆರು ಎಣಿಕೆ ಹೊರಗೆ. ಅಷ್ಟಕ್ಕೇ ನಿಲ್ಲಿಸಿದೆ. "ಕಪಾಲಭಾತಿ ಯಾಕಿಲ್ಲ, ಟೀವಿಯಲ್ಲಿ ತೋರಿಸ್ತಾರಲ್ಲ?" ಅಂತ ದಿನಾ ಒಬ್ಬರಾದರೂ ಕೇಳುತ್ತಾರೆ. ಐದು ದಿನಕ್ಕೆ ಅದು ಬೇಡ ಅಂತ ಹೇಳಿ ಮುಂದೆ ಹೋಗುತ್ತೇನೆ.

ಎಣಿಕೆ ತಪ್ಪುವುದು ಇನ್ನೊಂದು ತಲೆನೋವು. ಮೂರಾಯ್ತಾ, ನಾಲ್ಕಾಯ್ತಾ ಅಂತ ಯೋಚಿಸುವಷ್ಟರಲ್ಲಿ ಉಸಿರು ತಪ್ಪಿರುತ್ತೆ. ಅಳಗುಳಿ ಮಣೆ ಆಡುತ್ತಿದ್ದ ಹುಣಸೆ ಬೀಜ ನೆನಪಾಯಿತು. ತಲೆಗೆ ಎಂಟು ಬೀಜ ಕೊಟ್ಟೆ. ಮ್ಯಾಟಿನ ಎಡಕ್ಕಿಟ್ಟುಕೊಂಡು ಒಂದೊಂದು ಸುತ್ತಿಗೆ ಒಂದೊಂದು ಬಲಕ್ಕೆ. ಖರ್ಚು ಸೊನ್ನೆ, ಅಡುಗೆಮನೆ ಡಬ್ಬಿಯಲ್ಲಿ ಇದ್ದವು. ಆಸನದ ಚಿತ್ರ ಇರುವ ಹಾಳೆಯನ್ನೂ ಕೊಡಲಿಲ್ಲ. ಎರಡನೇ ದಿನ ಸಂಜೆ ಅವರ ಕೈಯಲ್ಲೇ ಕಡ್ಡಿ ಬೊಂಬೆ ಬರೆಸಿದೆ, ಒಳಗೆ ಹೋಗುವ ಉಸಿರಿಗೆ ಮೇಲೊಂದು ಗೆರೆ, ಹೊರಗೆ ಬರುವುದಕ್ಕೆ ಕೆಳಗೊಂದು ಗೆರೆ. ಒಬ್ಬರ ಅಧೋಮುಖ ಶ್ವಾನಾಸನ ಥೇಟ್ ಮೇಜು. ಪರವಾಗಿಲ್ಲ, ಅವರಿಗೆ ಅರ್ಥವಾದರೆ ಸಾಕಲ್ವಾ.

ನೆಲದ ಚಳಿಗೆ ಒಂದು ಉಪಾಯ ಮಾಡಿ ಕೈ ಸುಟ್ಟುಕೊಂಡೆ. ಜನವರಿ ತಿಂಗಳು, ಬೆಳಗ್ಗೆ ಹಾಲ್‌ನ ನೆಲ ಮಂಜುಗಡ್ಡೆ. ಹಾಸನದಲ್ಲಿ ಆಲೂಗಡ್ಡೆ ಚೀಲಕ್ಕೇನು ಬರವೇ? ಮಂಡಿಯಿಂದ ಐವತ್ತು ಗೋಣಿಚೀಲ ತಂದು ಮ್ಯಾಟಿನ ಕೆಳಗೆ ಹಾಸಿದೆ. ಎರಡು ಸಲ ಕೊಡವಿಸಿದ್ದೆ. ಆದರೂ ಮೊದಲ ಉಸಿರಿಗೇ ಅರ್ಧ ಹಾಲ್ ಸೀನಲು ಶುರು. ಉಸಿರಾಟದ ಶಿಬಿರದಲ್ಲಿ ಧೂಳು ಹಾಸಿದ ಪುಣ್ಯಾತ್ಮಳು ನಾನೊಬ್ಬಳೇ ಇರಬೇಕು. ಮಾರನೇ ದಿನ ಶಾಮಿಯಾನದವರಿಂದ ಜಮಖಾನ ಬಾಡಿಗೆಗೆ ತಂದೆ.

ಈಗ ದುಡ್ಡಿನ ವಿಷಯ. ನೆನಪಿನಿಂದ ಬರೆಯುತ್ತಿದ್ದೇನೆ, ನೂರಿನ್ನೂರು ಆಚೀಚೆ ಇರಬಹುದು. ಫೀಸು 1,800. ಅದರಲ್ಲಿ 500 ಠೇವಣಿ. ಶಿಬಿರ ಮುಗಿದ 40 ದಿನದಲ್ಲಿ 25 ದಿನ ಮನೆಯಲ್ಲಿ ಮಾಡಿ, ಹಾಳೆಯಲ್ಲಿ ಗುರುತು ಹಾಕಿ ತಂದರೆ 500 ವಾಪಸ್. ಸುಳ್ಳು ಗುರುತು ಹಾಕಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಹಾಳೆ ತಂದವರಿಗೆ ನನ್ನ ಮುಂದೆ ಒಂದು ಸಲ ಮಾಡಿ ತೋರಿಸಿ ಅನ್ನುತ್ತೇನೆ. ಹದಿನೈದು ಉಸಿರಲ್ಲಿ ಗೊತ್ತಾಗುತ್ತೆ. 18 ಜನರಿಂದ 32,000 ಚಿಲ್ಲರೆ ಬಂತು. ಹಾಲ್‌ಗೆ ಐದು ದಿನಕ್ಕೆ 7,500, ಹುಡುಗಿಗೆ 3,000, ಜಮಖಾನ, ಜೆರಾಕ್ಸು, ಮುಗಿದ ಮೇಲೆ ಕೊಡುತ್ತಿದ್ದ ರಾಗಿ ಗಂಜಿ ಎಲ್ಲ ಸೇರಿ ಎರಡೂವರೆ ಸಾವಿರ. ವಾಪಸ್ ಕೊಟ್ಟಿದ್ದು 5,500. ಕೈಯಲ್ಲಿ ಹದಿನಾಲ್ಕು ಸಾವಿರದ ಹತ್ತಿರ ಉಳಿಯಿತು. 2018ರಲ್ಲಿ ಹೋಗಿದ್ದು ಹೆಚ್ಚುಕಮ್ಮಿ ಬಂದ ಹಾಗಾಯಿತು.

40 ದಿನದಲ್ಲಿ 25 ಅಂದರೆ ಭಾರಿ ಅನಿಸುತ್ತೆ, ಆದರೆ ರಜೆ ಕಳೆದು ನೋಡಿ. ಜೋಯಿಸರ ಪದ್ಧತಿಯಲ್ಲಿ ಶನಿವಾರ ರಜೆ, ಅಮಾವಾಸ್ಯೆ ಹುಣ್ಣಿಮೆ ರಜೆ. ಉಳಿಯುವುದು 32 ದಿನದಷ್ಟು. ಅಮಾವಾಸ್ಯೆ ರಜೆ ಅಂದಾಗ ನಮ್ಮವರು ಖುಷಿಯಾಗಿ ಒಪ್ಪಿದರು. ನಾನು ಭಾನುವಾರ ಶುರು ಮಾಡಿ ಗುರುವಾರ ಮುಗಿಸಿದೆ. ಶುಕ್ರವಾರ ಮನೆಯಲ್ಲಿ ಮೊದಲ ದಿನ, ಶನಿವಾರ ರಜೆ, ಹಗುರವಾಗಿ ಶುರುವಾಗುತ್ತೆ ಅಂದುಕೊಂಡೆ. ಶುಕ್ರವಾರ ಹೆಂಗಸರಿಗೆ ತಲೆಸ್ನಾನ, ಹೊಸ್ತಿಲು ಪೂಜೆ ಇರುತ್ತೆ ಅನ್ನುವುದು ಮರೆತೇಹೋಗಿತ್ತು. ನಾನೂ ಹೆಂಗಸೇ!

ಎರಡು ಗುಟ್ಟು ಮಾತ್ರ ಬಿಡುವುದಿಲ್ಲ. ಯಾರ ಪಕ್ಕ ಯಾರನ್ನು ನಿಲ್ಲಿಸುತ್ತೇನೆ ಅನ್ನುವುದು ಒಂದು. ಮನೆ ಅಭ್ಯಾಸದ ಒಂಬತ್ತನೇ ದಿನ ಎಲ್ಲರಿಗೂ ಕಳಿಸುವ ವಾಟ್ಸಾಪ್ ಮೆಸೇಜ್ ಇನ್ನೊಂದು. ಮೂರು ಶಿಬಿರದ ದುಡ್ಡು ಕಳೆದು ಕಲಿತಿದ್ದು, ಪುಕ್ಕಟೆ ಹೇಗೆ ಕೊಡಲಿ. ಬನ್ ತಿಂದ ಹಿರಿಯರು ಮೊನ್ನೆ ಫೋನ್ ಮಾಡಿ, "ಅದೇನೋ ಮೆಸೇಜ್ ಕಳಿಸ್ತೀಯಂತಲ್ಲಮ್ಮ" ಅಂತ ಕೇಳಿದರು. ಅವರಿಗೂ ಹೇಳಲಿಲ್ಲ.

ಬಿಟ್ಟುಬಿಟ್ಟ ಏಳು ಜನರನ್ನು ಯಾಕೆ ಅಂತ ಕೇಳಿಕೊಂಡು ಹೋದೆ. ಸೋಮಾರಿತನ ಅಂತ ಇಬ್ಬರು ನೇರವಾಗಿ ಒಪ್ಪಿದರು. ಒಬ್ಬರ ಮನೆಯಲ್ಲಿ ಬಾಣಂತನ. ಒಬ್ಬರಿಗೆ ಬೆಂಗಳೂರಿಗೆ ವರ್ಗ. ಉಳಿದ ಮೂವರು ಹೇಳಿದ್ದು ಒಂದೇ ಮಾತು: ಜಾಗ ಇಲ್ಲ. ನೆಪ ಅಂದುಕೊಂಡೆ. ಒಬ್ಬರ ಮನೆಗೆ ಹೋಗಿ ನೋಡಿದರೆ, ಮಂಚಕ್ಕೂ ಬೀರುವಿಗೂ ನಡುವೆ ಮ್ಯಾಟ್ ಬಿಡಿಸಿದ್ದಾರೆ. ಏಕಂ ಅಂತ ಪಕ್ಕದಿಂದ ಕೈ ಎತ್ತಿದರೆ ಬೀರುವಿಗೆ ಬಡಿಯುತ್ತೆ. ಆ ಸದ್ದಿಗೆ ಯಜಮಾನರು ಏಳುತ್ತಾರೆ. ಎರಡು ದಿನ ಬೈಸಿಕೊಂಡು ನಿಲ್ಲಿಸಿಬಿಟ್ಟಿದ್ದರು. ಕೈಯನ್ನು ಮುಂದಿನಿಂದ ಎತ್ತಿ ಅಂತ ಅಲ್ಲೇ ತೋರಿಸಿಕೊಟ್ಟೆ. ಐದು ದಿನ ಅಷ್ಟು ದೊಡ್ಡ ಹಾಲ್‌ನಲ್ಲಿ ಕೈ ಚಾಚಿಸಿ ಕಲಿಸಿದವಳಿಗೆ ಇದು ಹೊಳೆದೇ ಇರಲಿಲ್ಲ.

ಮುಂದಿನ ಬ್ಯಾಚ್‌ಗೆ ಹೆಸರು ಕೊಡುವವರು ಫೀಸಿನ ಜೊತೆ ಮನೆಯಲ್ಲಿ ಮ್ಯಾಟ್ ಹಾಕುವ ಜಾಗವನ್ನು ಹೆಜ್ಜೆಯಲ್ಲಿ ಅಳೆದುಕೊಂಡು ಬರಬೇಕು ಅಂತ ಮಾಡಿದ್ದೇನೆ. ಹಾಲ್‌ನಲ್ಲೂ ಅಷ್ಟೇ ಅಗಲಕ್ಕೆ ಸುಣ್ಣದಲ್ಲಿ ಗೆರೆ ಎಳೆದು ನಿಲ್ಲಿಸುತ್ತೇನೆ. ಬೀರುವಿನ ಮನೆಯವರು ಮೊನ್ನೆ ಮಾರ್ಕೆಟ್‌ನಲ್ಲಿ ಸಿಕ್ಕಿದ್ದರು. ಮಂಚ ಸರಿಸಿದ್ದಾರಂತೆ. 500 ಈಗಲೂ ಸಿಗುತ್ತಾ ಅಂತ ಕೇಳಿದರು.